ಕಲ್ಲಿಗಿಂತ ಮೊದಲಿನ ಕೋಲಾರ

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಭಾಗದಲ್ಲಿ, ಬ್ರಿಟಿಷ್ ಕಂಪನಿಗಳು ಕಾಲಿಡುವ ಎಷ್ಟೋ ಶತಮಾನ ಮೊದಲೇ ಯಾರೋ ತೋಡಿ ಬಿಟ್ಟುಹೋಗಿದ್ದ ಹಳೆಯ ಗುಂಡಿಗಳಿವೆ. ಅಲ್ಲಿ ಸಿಕ್ಕ ಮರದ ಎರಡು ತುಂಡುಗಳನ್ನು ಪ್ರಯೋಗಾಲಯದಲ್ಲಿ ಇಂಗಾಲ-14 ವಿಧಾನದಿಂದ ಪರೀಕ್ಷಿಸಿದ್ದಾರೆ. ಒಂದಕ್ಕೆ ಸುಮಾರು 1500 ವರ್ಷ, ಇನ್ನೊಂದಕ್ಕೆ ಸುಮಾರು 1300 ವರ್ಷ ಎಂಬ ಉತ್ತರ ಬಂತು. ಎರಡಕ್ಕೂ ಹೆಚ್ಚುಕಡಿಮೆ ಒಂದು ಶತಮಾನದ ಹಿಂದುಮುಂದು ಉಂಟು. ಈ ವಿಧಾನದಲ್ಲಿ ವರ್ಷಗಳನ್ನು 1950ರಿಂದ ಹಿಂದಕ್ಕೆ ಎಣಿಸುವುದು ರೂಢಿ. ಆ ಲೆಕ್ಕ ಹಿಡಿದರೆ ಮೊದಲನೆಯದು ಕ್ರಿ.ಶ. 5ನೇ ಶತಮಾನದ ಸುತ್ತಲಿನದು, ಎರಡನೆಯದು 7ನೇ ಶತಮಾನದ ಸುತ್ತಲಿನದು. ಗಣಿಯ ಚರಿತ್ರೆ ಬರೆದವರು ಈ ಎರಡು ಅಂಕಿಗಳನ್ನು ಉಲ್ಲೇಖಿಸಿ, ನಮ್ಮಲ್ಲಿ ಚಿನ್ನ ತೆಗೆಯುವ ಕೆಲಸ ಎಷ್ಟು ಹಳೆಯದು ನೋಡಿ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಎಲ್ಲರ ಕಣ್ಣೂ ಚಿನ್ನದ ಮೇಲೆ. ಆ ಮರದ ತುಂಡುಗಳನ್ನು ಮರವೆಂದೇ ನೋಡಿದರೆ ಕೋಲಾರ ಸೀಮೆಯ ಮೊದಲ ಸಾವಿರ ವರ್ಷದ ಇತಿಹಾಸವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತದೆ ಎಂಬುದು ನನ್ನ ವಾದ. ಆ ಕಾಲದ ಊರು, ಕೋಟೆ, ಅರಮನೆ, ದೇಗುಲ ಎಲ್ಲವೂ ಬಹುಮಟ್ಟಿಗೆ ಮರ ಮತ್ತು ಮಣ್ಣಿನವು. ನಾವು ಹುಡುಕುತ್ತ ಬಂದಿರುವುದು ಮಾತ್ರ ಕಲ್ಲನ್ನು.

ಆ ಶತಮಾನಗಳಲ್ಲಿ ಈ ನೆಲ ಯಾರ ಕೈಯಲ್ಲಿತ್ತು ಎಂಬುದರಲ್ಲಿ ಗೊಂದಲವಿಲ್ಲ. 4ನೇ ಶತಮಾನದ ನಡುವಿನಲ್ಲಿ ತಲೆಯೆತ್ತಿದ ಗಂಗರ ಮೊದಲ ರಾಜಧಾನಿ ಕುವಳಾಲ, ಅಂದರೆ ಇಂದಿನ ಕೋಲಾರ. ರಾಜಧಾನಿ ತಲಕಾಡಿಗೆ ಹೋದಮೇಲೂ ಗಂಗರ ಅರಸರು ಕುವಳಾಲಪುರವರೇಶ್ವರ, ನಂದಗಿರಿನಾಥ ಎಂಬ ಬಿರುದುಗಳನ್ನು ಬಿಡಲಿಲ್ಲ. ಪೂರ್ವದ ಅಂಚಿನಲ್ಲಿ ಬಾಣರು ಇದ್ದರು, ಆಮೇಲೆ ನೊಳಂಬರು ಬಂದರು. ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವನ್ನು ಇಡಿಯಾಗಿ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಿಟ್ಟರು. ಅದರಲ್ಲಿ ರಾಜರ ಹೆಸರುಗಳಿವೆ, ಕೆರೆ, ಗದ್ದೆ, ದಾನ, ಕಾಳಗ, ಸತ್ತ ವೀರರ ಸುದ್ದಿಯಿದೆ. ಇಷ್ಟೆಲ್ಲ ಇದ್ದರೂ ಕೋಲಾರದಲ್ಲಿ ನಿಂತು ಇದು ಗಂಗರ ಅರಮನೆ, ಇದು ಅವರ ಕೋಟೆಯ ಬಾಗಿಲು ಎಂದು ಕೈತೋರಿಸಬಲ್ಲ ಒಂದು ಕಟ್ಟಡವೂ ಇಲ್ಲ. ಇದರಿಂದ ಕೆಲವರು, ಗಂಗರ ಕುವಳಾಲ ಹೆಸರಿಗೆ ಮಾತ್ರ ರಾಜಧಾನಿ, ನಿಜದಲ್ಲಿ ಒಂದು ದೊಡ್ಡ ಹಳ್ಳಿ ಎಂಬ ತೀರ್ಮಾನಕ್ಕೆ ಬರುತ್ತಾರೆ. ಕಟ್ಟಡ ಕಾಣದಿದ್ದರೆ ಕಟ್ಟಿರಲೇ ಇಲ್ಲ ಎನ್ನುವ ಈ ತರ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಏನನ್ನು ಬಳಸಿ ಕಟ್ಟಿದ್ದರು ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ.

ಆ ಪ್ರಶ್ನೆಗೆ ದಕ್ಷಿಣ ಭಾರತದ ಒಬ್ಬ ಅರಸನೇ ಉತ್ತರ ಬರೆಸಿಟ್ಟಿದ್ದಾನೆ. ವಿಳುಪ್ಪುರಂ ಬಳಿಯ ಮಂಡಗಪಟ್ಟಿನ ಗುಹಾಲಯದಲ್ಲಿ ಪಲ್ಲವರ ಒಂದನೆಯ ಮಹೇಂದ್ರವರ್ಮನ ಶಾಸನವಿದೆ, 7ನೇ ಶತಮಾನದ ಆರಂಭದ್ದು. ಇಟ್ಟಿಗೆ, ಮರ, ಲೋಹ, ಗಾರೆ ಯಾವುದೂ ಇಲ್ಲದೆ ಬ್ರಹ್ಮ, ಈಶ್ವರ, ವಿಷ್ಣುಗಳಿಗೆ ಈ ಮನೆಯನ್ನು ಮಾಡಿಸಿದೆ ಎಂದು ಅವನು ಅದರಲ್ಲಿ ಹೇಳಿಕೊಳ್ಳುತ್ತಾನೆ. ಹೆಮ್ಮೆಪಟ್ಟು ಹೇಳಬೇಕಾದಷ್ಟು ಹೊಸದು ಅದು. ಅಂದರೆ ಅವನ ನಾಡಿನಲ್ಲಿ ಅವನ ಕಾಲದವರೆಗೆ ದೇವರ ಮನೆ ಎಂದರೆ ಇಟ್ಟಿಗೆ, ಮರ, ಗಾರೆಯದೇ. ಚಾಂಪಿಯನ್ ರೀಫಿನ ಎರಡನೆಯ ಮರದ ತುಂಡೂ ಹೆಚ್ಚುಕಡಿಮೆ ಅದೇ ಶತಮಾನದ್ದು. ಕೋಲಾರದಲ್ಲಿಯೇ ಇದಕ್ಕೆ ಸಾಕ್ಷಿ ಬೇಕೆಂದರೆ ಕೋಲಾರಮ್ಮನ ಗುಡಿ ಇದೆ. 11ನೇ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ಕೈಸೇರಿದ ಮೇಲೆ, ರಾಜೇಂದ್ರ ಚೋಳನ ಕಾಲದಲ್ಲಿ, ಆ ಗುಡಿಯ ಇಟ್ಟಿಗೆಯ ಭಾಗಗಳನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದ ಸಂಗತಿಯನ್ನು ಅಲ್ಲಿನ ಶಾಸನವೇ ತಿಳಿಸುತ್ತದೆ. ಊರಿನ ಮುಖ್ಯ ದೇವತೆಗೇ ಅಲ್ಲಿಯತನಕ ಪೂರ್ತಿ ಕಲ್ಲಿನ ಗುಡಿ ಇರಲಿಲ್ಲ ಎಂದಾದರೆ, ಅದಕ್ಕೂ ಐನೂರು ವರ್ಷ ಹಿಂದಿನ ಅರಸನ ಮನೆ ಕಲ್ಲಿನದಾಗಿರಬೇಕೆಂದು ನಿರೀಕ್ಷಿಸುವುದು ಎಷ್ಟು ಸರಿ?

ಮುಳಬಾಗಿಲಿನ ಬಳಿಯ ಆವನಿಯ ಶಾಸನವೂ ಇಲ್ಲಿ ನೆನೆಯತಕ್ಕದ್ದು. ಕ್ರಿ.ಶ. 961ರ ಆ ಶಾಸನ ತ್ರಿಭುವನಕರ್ತಾರ ಎಂಬ ಯತಿಯ ಬಗ್ಗೆ ಹೇಳುತ್ತದೆ. ನಲವತ್ತು ವರ್ಷ ಅವನು ಆವನಿಯ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ಇಂದು ಆವನಿಗೆ ಹೋದರೆ ರಾಮಲಿಂಗೇಶ್ವರ ಆವರಣದ ಗುಡಿಗಳು ಒತ್ತೊತ್ತಾಗಿ ನಿಂತಿವೆ, ನೊಳಂಬರ ಕಾಲದ ಒಳ್ಳೆಯ ಕೆಲಸ. ಎಷ್ಟು ಉದಾರವಾಗಿ ಎಣಿಸಿದರೂ ಐವತ್ತು ಆಗುವುದಿಲ್ಲ. ಶಾಸನ ಬರೆದವನು ಗುರುಭಕ್ತಿಯಿಂದ ಅಂಕಿಯನ್ನು ಹಿಗ್ಗಿಸಿರಬಹುದು, ಕೆಲವು ಗುಡಿಗಳು ಬೇರೆ ಊರುಗಳಲ್ಲಿ ಇದ್ದಿರಬಹುದು. ಅದನ್ನೆಲ್ಲ ಕಳೆದರೂ, ಕಟ್ಟಿಸಿದ್ದಕ್ಕೂ ಉಳಿದದ್ದಕ್ಕೂ ನಡುವಿನ ಅಂತರ ದೊಡ್ಡದು. ಉಳಿದಿರುವ ಕಲ್ಲಿನ ಗುಡಿಗಳನ್ನು ಹತ್ತಿರದಿಂದ ನೋಡಿದರೆ ಅಂತರ ಎಲ್ಲಿಂದ ಬಂತು ಎಂಬುದರ ಸುಳಿವು ಸಿಗುತ್ತದೆ. ಗೋಡೆಯ ಮೇಲೆ ಮುಂಚಾಚಿ ದುಂಡಗೆ ಬಾಗಿದ ಕಪೋತ ಹುಲ್ಲು ಹೊದಿಸಿದ ಸೂರಿನ ಅಂಚು. ಅದರ ಮೇಲೆ ಸಾಲಾಗಿ ಕೊರೆದ ಕೂಡು ಎಂಬ ಕಮಾನಿನ ಆಕಾರ, ಬಾಗಿಸಿದ ಮರದ ಜಂತೆಗಳ ಕೊನೆಯಲ್ಲಿ ಬಿಡುತ್ತಿದ್ದ ಕಿಂಡಿ. ಕಂಬದ ತಲೆಯ ಮೇಲಿನ ಬೋದಿಗೆ, ತೊಲೆಯ ಭಾರ ಹೊರಲು ಬಡಗಿ ಅಡ್ಡಲಾಗಿ ಇಡುತ್ತಿದ್ದ ದಿಮ್ಮಿ. ಕಲ್ಲಿಗೆ ಇವುಗಳಲ್ಲಿ ಬಹುತೇಕ ಬೇಕಾಗಿರಲಿಲ್ಲ. ಕಲ್ಲುಕುಟಿಗ ತನ್ನ ಕಣ್ಣೆದುರು ನಿಂತಿದ್ದ, ತಲೆಮಾರುಗಳಿಂದ ಒಪ್ಪಿತವಾಗಿದ್ದ ಮರದ ಮನೆಯನ್ನು ಕಲ್ಲಿನಲ್ಲಿ ಮೂಡಿಸಿದ. ಮೂಲ ಹೋಯಿತು, ನಕಲು ಉಳಿಯಿತು.

ಕೋಲಾರದಲ್ಲಿ ಬಂಡೆಗೆ ಏನು ಬರ, ಅಂತರಗಂಗೆಯ ಬೆಟ್ಟವೇ ಊರಿನ ಬೆನ್ನಿಗಿರುವಾಗ ಗಂಗರು ಮರವನ್ನೇಕೆ ಆರಿಸಿದರು ಎಂದು ಕೇಳಬಹುದು. ಈ ಆಕ್ಷೇಪ ನ್ಯಾಯವಾದದ್ದು. ಬಂಡೆ ಇರುವುದು ಬೇರೆ, ಬಂಡೆಯನ್ನು ಸೀಳಿ, ಸಾಗಿಸಿ, ಕಟ್ಟುವ ಪದ್ಧತಿ ಬೇರೆ. ಈ ಸೀಮೆಯ ಜನ ಅದಕ್ಕೂ ಸಾವಿರ ವರ್ಷ ಮೊದಲೇ ಬೃಹತ್ ಶಿಲಾಸಮಾಧಿಗಳಿಗೆ ಚಪ್ಪಡಿ ಎಬ್ಬಿಸಿದ್ದರು. ಆದರೆ ಆ ಚಪ್ಪಡಿ ಸತ್ತವರಿಗೆ, ಬದುಕಿರುವವರು ವಾಸಿಸಿದ್ದು ಗುಡಿಸಲಿನಲ್ಲಿ. ಅರಮನೆಗೆ ಕಲ್ಲು ಯೋಗ್ಯವೆಂಬ ಭಾವನೆ ನಮ್ಮ ನಾಡಿನಲ್ಲಿ ಬಹುಕಾಲ ಬೇರೂರಲೇ ಇಲ್ಲ ಎಂಬುದಕ್ಕೆ ಹಂಪಿಗಿಂತ ಒಳ್ಳೆಯ ಉದಾಹರಣೆ ಬೇಡ. ಕಲ್ಲಿನ ರಥ, ಕಲ್ಲಿನ ಕೊಳ, ಕಲ್ಲಿನ ಗೋಪುರಪೀಠ ಮಾಡಿದ ವಿಜಯನಗರದ ಅರಸರು ತಮ್ಮ ಸಭಾಮಂಟಪವನ್ನು ಮರದ ಕಂಬಗಳ ಮೇಲೆ ನಿಲ್ಲಿಸಿದ್ದರು. ರಾಜಾವರಣದಲ್ಲಿ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಕಂಬಗಳನ್ನು ನಿಲ್ಲಿಸಿದ ಕಲ್ಲಿನ ಗುಳಿಗಳು ಇಂದಿಗೂ ಕಾಣುತ್ತವೆ, ಕಂಬಗಳಿಲ್ಲ. 1791ರಲ್ಲಿ ಬೆಂಗಳೂರಿನಲ್ಲಿ ಮುಗಿದ ಟಿಪ್ಪುವಿನ ಅರಮನೆಯೂ ಮರದ ಕಂಬ, ಮರದ ಕಮಾನುಗಳದೇ. ಗಂಗರಿಗಿಂತ ಸಾವಿರ ವರ್ಷ, ಸಾವಿರದ ನಾನೂರು ವರ್ಷ ಈಚಿನವರೇ ಹೀಗೆ ಕಟ್ಟುತ್ತಿದ್ದಾಗ ಕುವಳಾಲದಲ್ಲಿ ಕಲ್ಲಿನ ಅರಮನೆ ಕಾಣಲಿಲ್ಲವೆಂದು ಆ ಊರನ್ನು ಕೀಳಾಗಿ ಎಣಿಸಲು ಯಾವ ಆಧಾರವೂ ಇಲ್ಲ.

ಕಟ್ಟಡದ ಮಾತಾಯಿತು, ಆವರಣದ ಮಾತು ಇನ್ನೂ ಸ್ವಾರಸ್ಯದ್ದು. ಗಂಗ, ಬಾಣ, ನೊಳಂಬರ ಕಾಲದ ವೀರಗಲ್ಲುಗಳು ಕೋಲಾರ ಸೀಮೆಯಲ್ಲಿ ಹೇರಳ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಕಾರಣಗಳು ತುರುಗೋಳ್ ಮತ್ತು ಊರಳಿವು: ದನ ಹೊಡೆದುಕೊಂಡು ಹೋದದ್ದು, ಊರು ನಾಶವಾದದ್ದು. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಅದನ್ನು ರಾತ್ರಿ ಎಲ್ಲಿ ಕೂಡುತ್ತಿದ್ದರು? ಊರನ್ನು ಯಾವುದು ಕಾಯುತ್ತಿತ್ತು? ಮಣ್ಣಿನ ದಿಬ್ಬ, ಅದರ ಮೇಲೆ ಅಥವಾ ಮುಂದೆ ಗೂಟದ ಸಾಲು, ಹೊರಗೆ ಮುಳ್ಳಿನ ಬೇಲಿ. ಇದು ಬರೀ ಊಹೆಯಲ್ಲ. ರಾಯಚೂರಿಗೆ ಪೂರ್ವಕ್ಕಿರುವ ಉಟ್ನೂರಿನ ಬೂದಿದಿಬ್ಬವನ್ನು 1957ರಲ್ಲಿ ಎಫ್. ಆರ್. ಆಲ್ಚಿನ್ ಅಗೆದಾಗ, ನವಶಿಲಾಯುಗದ ಜನ ತಾಳೆಯ ಕಾಂಡಗಳನ್ನು ಸಾಲಾಗಿ ನೆಟ್ಟು ಮಾಡಿದ್ದ ದನದ ದೊಡ್ಡಿಯ ಗುಳಿಗಳು ಸಿಕ್ಕವು. ದೊಡ್ಡಿ ಸುಟ್ಟುಹೋಗಿತ್ತು, ಮತ್ತೆ ಕಟ್ಟಿದ್ದರು, ಮತ್ತೆ ಸುಟ್ಟಿತ್ತು. ನೆಲದಲ್ಲಿ ದನದ ಗೊರಸಿನ ಗುರುತುಗಳೂ ಉಳಿದಿದ್ದವು. ಈ ಸರಣಿಯ ಇನ್ನೊಂದು ತುದಿಯಲ್ಲಿ 1791ರ ಬೆಂಗಳೂರು ಪೇಟೆ ಇದೆ. ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಎದುರಿಸಿದ ಆ ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕಗಳ ಜೊತೆಗೆ ದಟ್ಟ ಮುಳ್ಳುಪೊದೆಯ ಪಟ್ಟಿಯೂ ಇತ್ತು. ನವಶಿಲಾಯುಗದಿಂದ ಹದಿನೆಂಟನೇ ಶತಮಾನದವರೆಗೆ ಗೂಟ, ಮುಳ್ಳು, ಮಣ್ಣು ನಮ್ಮ ಜನರ ಕೋಟೆಕಟ್ಟುವ ಸಾಮಗ್ರಿಯಾಗಿದ್ದಾಗ, ನಡುವಿನ ಗಂಗರ ಕಾಲದಲ್ಲಿ ಮಾತ್ರ ಅದು ಇರಲಿಲ್ಲ ಎನ್ನಲು ಕಾರಣ ಬೇಕಾದೀತು.

ಇಷ್ಟಕ್ಕೆ ಪುರಾತತ್ವ ಬಲ್ಲವರು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ಮರದ್ದೇ ಆಗಿತ್ತು ಎನ್ನಿ, ಅದರಿಂದ ಏನಾಯಿತು? ನಮ್ಮ ಬಿಸಿಲು, ಮಳೆ, ಗೆದ್ದಲಿನಲ್ಲಿ ಮರ ನೂರು ವರ್ಷ ಬಾಳುವುದೇ ಕಷ್ಟ. ಉಳಿಯದ್ದನ್ನು ಅಗೆದು ತೆಗೆಯುವುದು ಹೇಗೆ, ಇದೆಲ್ಲ ಸಾಬೀತು ಮಾಡಲಾಗದ ಮಾತು ಎಂಬುದು ಅವರ ನಿಲುವು. ಮರ ಉಳಿಯುವುದಿಲ್ಲ ಎಂಬುದು ನಿಜ, ಮರ ನಿಂತಿದ್ದ ಜಾಗ ಉಳಿಯುತ್ತದೆ. ಕಂಬ ನೆಡಲು ಗಟ್ಟಿ ನೆಲದಲ್ಲಿ ಒಮ್ಮೆ ಗುಳಿ ತೋಡಿದರೆ ಆ ನೆಲ ಮತ್ತೆ ಮೊದಲಿನಂತಾಗುವುದಿಲ್ಲ. ಕಂಬ ಕೊಳೆತಂತೆ ಅದರ ಜಾಗಕ್ಕೆ ಮೇಲಿನ ಸಡಿಲ ಮಣ್ಣು ಇಳಿಯುತ್ತದೆ. ಉತ್ಖನನದಲ್ಲಿ ಆ ಪದರವನ್ನು ಕರಣೆಯಿಂದ ತೆಳ್ಳಗೆ ಕೆರೆದು, ಸ್ವಲ್ಪ ನೀರು ಚಿಮುಕಿಸಿ ನೋಡಿದರೆ, ಸುತ್ತಲಿನ ಕೆಂಪು ಗರಸಿನ ನಡುವೆ ಗುಳಿಯ ಜಾಗ ಗಾಢ ಬಣ್ಣದ ದುಂಡು ಕಲೆಯಾಗಿ ಎದ್ದು ಕಾಣುತ್ತದೆ, ಒಣಗುವಾಗಲೂ ಅದು ಸುತ್ತಲಿನ ನೆಲಕ್ಕಿಂತ ತಡವಾಗಿ ಒಣಗುತ್ತದೆ. ಕಲೆಯ ಅರ್ಧವನ್ನು ಮಾತ್ರ ಕೊರೆದು ಇನ್ನರ್ಧವನ್ನು ಹಾಗೆಯೇ ಬಿಟ್ಟರೆ ಗುಳಿಯ ಆಳ, ಕಂಬದ ದಪ್ಪ, ಅದು ನೆಟ್ಟಗಿತ್ತೇ ವಾಲಿತ್ತೇ, ಬುಡಕ್ಕೆ ಕಲ್ಲು ಜಡಿದಿದ್ದರೇ ಎಂಬುದೆಲ್ಲ ಸೀಳಿನಲ್ಲಿ ಕಾಣುತ್ತದೆ. ಬುಡ ಸುಟ್ಟಿದ್ದರೆ ಇದ್ದಿಲು ಸಿಗುತ್ತದೆ, ಇದ್ದಿಲನ್ನು ಗೆದ್ದಲು ತಿನ್ನುವುದಿಲ್ಲ, ಅದರಿಂದ ಕಾಲವನ್ನೂ ಮರದ ಜಾತಿಯನ್ನೂ ತಿಳಿಯಬಹುದು. ಒಂದು ಗುಳಿಯಿಂದ ಏನೂ ಹೇಳಲಾಗದು, ಅದು ಇಲಿಯ ಬಿಲವೂ ಆಗಿರಬಹುದು. ಹತ್ತು ಗುಳಿಗಳು ಒಂದೇ ಅಳತೆಯ ಅಂತರದಲ್ಲಿ ಗೆರೆ ಹಿಡಿದರೆ ಗೋಡೆ. ಪುರಾತತ್ವಜ್ಞ ನಾಗರಾಜರಾವ್ ಅವರು 1963-64ರಲ್ಲಿ ತೆಕ್ಕಲಕೋಟೆಯಲ್ಲಿ, ಆಮೇಲೆ ಹಳ್ಳೂರಿನಲ್ಲಿ ನವಶಿಲಾಯುಗದ ದುಂಡು ಗುಡಿಸಲುಗಳನ್ನು ಹೀಗೆಯೇ ಗುರುತಿಸಿದರು. ಮೂರೂವರೆ ಸಾವಿರ ವರ್ಷದ ಗುಡಿಸಲಿನ ಗುಳಿ ನಮ್ಮ ನೆಲದಲ್ಲಿ ಉಳಿಯುವುದಾದರೆ ಒಂದೂವರೆ ಸಾವಿರ ವರ್ಷದ ಅರಮನೆಯ ಗುಳಿಯೂ ಉಳಿದೀತು. ಆ ಕಾಲದ ಪದರವನ್ನು ಅಗೆಯುವಾಗ ನಾಣ್ಯ, ಶಿಲ್ಪ, ಇಟ್ಟಿಗೆಗಳಿಗಾಗಿ ಕಾಯುವಷ್ಟೇ ತಾಳ್ಮೆಯಿಂದ ಮಣ್ಣಿನ ಬಣ್ಣಕ್ಕಾಗಿಯೂ ಕಾಯಬೇಕು, ಅಷ್ಟೆ.

ಇಂಥ ತಾಳ್ಮೆಯಿಂದ ಏನು ದಕ್ಕುತ್ತದೆ ಎಂದು ತೋರಿಸಲು ದೂರದ ಒಂದು ಉದಾಹರಣೆ ಕೊಡಬೇಕು. ಇಂಗ್ಲೆಂಡಿನ ಉತ್ತರ ಅಂಚಿನ ನಾರ್ಥಂಬರ್‌ಲ್ಯಾಂಡಿನಲ್ಲಿ ಯೀವರಿಂಗ್ ಎಂಬ ಜಾಗ. 7ನೇ ಶತಮಾನದ ಎಡ್ವಿನ್ ಎಂಬ ಅರಸನಿಗೆ ಅಲ್ಲೊಂದು ಅರಮನೆ ಇತ್ತೆಂದು, ಪೌಲಿನಸ್ ಎಂಬ ಪಾದ್ರಿ ಅಲ್ಲಿ ಮೂವತ್ತಾರು ದಿನ ಇದ್ದು ಹೊಳೆಯಲ್ಲಿ ಜನರಿಗೆ ದೀಕ್ಷೆ ಕೊಟ್ಟನೆಂದು ಬೀಡ್ ಎಂಬ ಸನ್ಯಾಸಿ ತನ್ನ ಚರಿತ್ರೆಯಲ್ಲಿ ಬರೆದಿದ್ದ. ನೆಲದ ಮೇಲೆ ಮಾತ್ರ ಹೊಲವಲ್ಲದೆ ಬೇರೇನೂ ಇರಲಿಲ್ಲ. 1949ರ ಬರದ ಬೇಸಿಗೆಯಲ್ಲಿ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಬೆಳೆಯ ಬಣ್ಣದ ವ್ಯತ್ಯಾಸದಿಂದ ಉದ್ದನೆಯ ಕಟ್ಟಡಗಳ ಆಕಾರ ಕಂಡಿತು. ಬ್ರಯನ್ ಹೋಪ್-ಟೇಲರ್ 1952ರಿಂದ 1962ರವರೆಗೆ ಅಲ್ಲಿ ಅಗೆದರು. ಮರದ ದೊಡ್ಡ ಸಭಾಗೃಹಗಳು, ಗೂಟದ ಸಾಲಿನಿಂದ ಸುತ್ತುವರಿದ ವಿಶಾಲ ಆವರಣ, ಮೆಟ್ಟಿಲು ಮೆಟ್ಟಿಲಾಗಿ ಜನ ಕೂರಲು ಮಾಡಿದ್ದ ಮರದ ಕಟ್ಟೆ, ಎಲ್ಲವೂ ಗುಳಿ ಮತ್ತು ಕಲೆಗಳ ರೂಪದಲ್ಲಿ ಹೊರಬಂದವು. ಕಟ್ಟಡಗಳು ಸುಟ್ಟದ್ದೂ ಮತ್ತೆ ಎದ್ದದ್ದೂ ಗೊತ್ತಾಯಿತು. ಒಂದು ಕಲ್ಲಿನ ಗೋಡೆಯೂ ಇಲ್ಲದೆ ಒಂದು ರಾಜ್ಯದ ಕೇಂದ್ರ ಮತ್ತೆ ಕಣ್ಣಿಗೆ ಬಿತ್ತು. ಎಡ್ವಿನನೂ ಗಂಗರ ಅರಸ ದುರ್ವಿನೀತನೂ ಕಾಲದಲ್ಲಿ ಬಹಳ ದೂರದವರಲ್ಲ. ಒಬ್ಬನ ಮರದ ಮನೆಗೆ ಹತ್ತು ವರ್ಷದ ಉತ್ಖನನ ಸಿಕ್ಕಿತು. ಇನ್ನೊಬ್ಬನ ಪೂರ್ವಿಕರ ರಾಜಧಾನಿಯಲ್ಲಿ ಆ ದೃಷ್ಟಿಯ ಹುಡುಕಾಟವೇ ಬಾಕಿ ಇದೆ.

ಈಗ ಗಣಿಯ ಮರಕ್ಕೆ ಬರೋಣ. ನೆಲದ ಮೇಲಿನ ಮರವೆಲ್ಲ ಹೋಗಿರುವಾಗ ಈ ತುಂಡುಗಳು ಉಳಿದದ್ದು ಅವು ಇಳಿದ ಜಾಗದಿಂದ. ಕೆಲಸ ಮುಗಿದ ಗುಂಡಿಗೆ ಕಲ್ಲುಪುಡಿ ತುಂಬಿಕೊಂಡು, ಗಾಳಿ ಆಡದೆ, ತೇವ ಸದಾ ಒಂದೇ ಮಟ್ಟದಲ್ಲಿ ನಿಂತರೆ ಕೊಳೆತ ನಿಧಾನವಾಗುತ್ತದೆ, ಗೆದ್ದಲು ಅಷ್ಟು ಆಳಕ್ಕೆ ಬಾರದು. ಆ ಹಳಬರ ಗಣಿಗಾರಿಕೆ ಹೇಗಿತ್ತೆಂಬುದು ಹಟ್ಟಿ, ಕೋಲಾರ ಎರಡೂ ಚಿನ್ನದ ಗಣಿಗಳ ಕುರುಹುಗಳಿಂದ ತಿಳಿದಿದೆ. ಬಂಡೆಯ ಮುಖಕ್ಕೆ ಸೌದೆ ಒಟ್ಟಿ ಬೆಂಕಿ ಹಚ್ಚುವುದು, ಕಾದ ಕಲ್ಲಿಗೆ ನೀರೆರಚಿ ಬಿರುಕು ಬಿಡಿಸುವುದು, ಬಿರುಕಿಗೆ ಕಬ್ಬಿಣದ ಉಳಿ ಹಾಕಿ ಎಬ್ಬಿಸುವುದು, ಮೇಲೆ ತಂದ ಬೆಣಚುಕಲ್ಲನ್ನು ಒರಳುಗುಂಡಿಗಳಲ್ಲಿ ಕುಟ್ಟಿ ತೊಳೆಯುವುದು. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಮಾರಿಕುಪ್ಪಂ, ಊರಿಗಾಂ ಹಳ್ಳಿಗಳ ಬಳಿ ಕಂಡದ್ದು ಇದರ ಬಡಕಲು ಮುಂದುವರಿಕೆ. ಮೂವತ್ತು ನಲವತ್ತು ಅಡಿಯ ಇಕ್ಕಟ್ಟು ಗುಂಡಿ, ಇಳಿಯಲು ಪಕ್ಕದಲ್ಲಿ ಕಾಲಿಡುವಷ್ಟು ಕೊರೆದ ಕಿಂಡಿಗಳು, ಬುಟ್ಟಿಯಲ್ಲಿ ಕಲ್ಲನ್ನು ಕೈಯಿಂದ ಕೈಗೆ ಮೇಲೇರಿಸುವ ಗಂಡಸರು, ಮೇಲೆ ಕಲ್ಲು ಕುಟ್ಟಿ ತೊಳೆಯುವ ಹೆಂಗಸರು. ಆದರೆ ಹಳೆಯ ಗುಂಡಿಗಳು ಇದಕ್ಕಿಂತ ಎಷ್ಟೋ ಆಳ. ಹತ್ತಾರು ಆಳುದ್ದ ಕೆಳಗಿಳಿದ ಕೂಡಲೇ ಮರದ ಅಗತ್ಯ ಬೇರೆಯದೇ ಆಗುತ್ತದೆ. ಪಕ್ಕದ ಬಂಡೆ ಬೀಳದಂತೆ ಆಸರೆಗೆ, ಹತ್ತಿಳಿಯಲು, ನೀರು ಮೇಲೆತ್ತಲು, ಬೆಂಕಿಗೆ ಎಲ್ಲಕ್ಕೂ ಮರ. ಚಾಂಪಿಯನ್ ರೀಫಿನ ಎರಡು ತುಂಡುಗಳು ಇವುಗಳಲ್ಲಿ ಯಾವುದಕ್ಕೇ ಇಳಿದಿರಲಿ, ಅವುಗಳ ಹಿಂದೆ ಕಾಡಿಗೆ ಹೋಗುವ ಕೊಡಲಿಯವರು, ಎಳೆದು ತರುವ ಎತ್ತುಗಳು, ಅಳತೆಗೆ ಕಡಿಯುವ ಬಡಗಿಗಳು ಇದ್ದೇ ಇರಬೇಕು. ಅಷ್ಟು ಮರವನ್ನು ನೆಲದೊಳಗೆ ಹೂಳಬಲ್ಲ ಸಮಾಜ ನೆಲದ ಮೇಲೂ ಮರದಿಂದಲೇ ಕಟ್ಟುತ್ತಿತ್ತು ಎಂಬುದು ನನಗೆ ಅತ್ಯಂತ ಸಹಜವಾಗಿ ತೋರುವ ನಿರ್ಣಯ.

ಎರಡೇ ತುಂಡುಗಳ ಮೇಲೆ ಇಷ್ಟು ದೊಡ್ಡ ಕಟ್ಟಡ ಎಬ್ಬಿಸುವುದೇ ಎಂದು ಕೇಳುವವರಿಗೆ ಕಿವಿಗೊಡಲೇಬೇಕು. ಮರ ಬೆಳೆದ ಕಾಲ ಬೇರೆ, ಕಡಿದ ಕಾಲ ಬೇರೆ, ಬಳಸಿದ ಕಾಲ ಇನ್ನೂ ಬೇರೆ ಆಗಿರಬಹುದು. ಮುದಿಮರದ ತಿರುಳು ತನ್ನ ತೊಗಟೆಗಿಂತ ಇನ್ನೂರು ವರ್ಷ ಹಳೆಯದಿದ್ದೀತು. ಪರೀಕ್ಷೆ ನಡೆದ ಕಾಲದ ವಿಧಾನವೂ ಇಂದಿನಷ್ಟು ಸೂಕ್ಷ್ಮವಲ್ಲ, ಬಂದ ಅಂಕಿಗಳನ್ನು ಪಂಚಾಂಗದ ವರ್ಷಕ್ಕೆ ಹೊಂದಿಸುವಾಗ ಸ್ವಲ್ಪ ಈಚೆಗೆ ಜರುಗುತ್ತವೆ. ಇದೆಲ್ಲ ಒಪ್ಪತಕ್ಕ ಮಾತು. ಆದರೆ ಈ ತಿದ್ದುಪಡಿಗಳೆಲ್ಲ ಕಾಲವನ್ನು ಈಚೆಗೇ ತಳ್ಳುತ್ತವೆ, ಆಚೆಗಲ್ಲ. ನೂರು ವರ್ಷವಲ್ಲ, ಇನ್ನೂರು ವರ್ಷ ಈಚೆಗೆ ತಂದರೂ ಎರಡು ತುಂಡುಗಳೂ ಗಂಗರ ಕಾಲದೊಳಗೇ ನಿಲ್ಲುತ್ತವೆ, ಆ ಮನೆತನ ಸುಮಾರು ಕ್ರಿ.ಶ. 1000ದವರೆಗೆ ಬಾಳಿತು. ಅವು ಒಂಟಿ ಸಾಕ್ಷಿಗಳೂ ಅಲ್ಲ. ಹಟ್ಟಿಯ ಹಳೆಯ ಗಣಿಗಳು ಆರುನೂರು ಅಡಿಗಿಂತ ಆಳಕ್ಕೆ ಇಳಿದಿದ್ದವು, ಅಲ್ಲಿ ಸಿಕ್ಕ ಮರಕ್ಕೆ ಸುಮಾರು 1900 ವರ್ಷವೆಂಬ ಉತ್ತರ ಬಂದಿದೆ. ಅಂದರೆ ಸಾತವಾಹನರ ಕಾಲಕ್ಕಾಗಲೇ ಕನ್ನಡ ನಾಡಿನ ಗಣಿಯವರಿಗೆ ಆಳದಲ್ಲಿ ಮರ ಬಳಸುವ ಕಸುಬು ಕೈಗೆ ಹತ್ತಿತ್ತು, ಕೋಲಾರದವರು ಅದೇ ವಿದ್ಯೆಯ ಮುಂದಿನ ತಲೆಮಾರು.

ಇನ್ನೊಂದು ಆಕ್ಷೇಪ ರಾಜಕೀಯ ಚರಿತ್ರೆಯವರದು. ಗಂಗರ ಕಾಲದ್ದು ಎಂದರೆ ಗಂಗರದ್ದೇ ಆಗಬೇಕಿಲ್ಲ, ತಾಮ್ರಶಾಸನಗಳಿಂದ ಗಣಿಯ ಆಡಳಿತ ತಿಳಿಯದಿರುವಾಗ ಸುತ್ತಲಿನ ಹಳ್ಳಿಯವರು ತಮ್ಮಷ್ಟಕ್ಕೆ ತೋಡಿಕೊಂಡದ್ದೂ ಆಗಿರಬಹುದು ಎನ್ನುತ್ತಾರೆ. ಆಗಿರಬಹುದು. ದಾನಶಾಸನ ಬರೆಸುವುದು ಕೊಟ್ಟ ನೆಲದ ಎಲ್ಲೆಯನ್ನು ಗೊತ್ತುಪಡಿಸಲು. ಅಲ್ಲಿ ಹುಣಸೆಮರ, ಆಲದಮರ, ಹುತ್ತ, ಕೆರೆಯ ಏರಿ ಬರುತ್ತವೆ, ಖಜಾನೆಯ ಲೆಕ್ಕ ಬರುವುದಿಲ್ಲ. ಆದ್ದರಿಂದ ಶಾಸನದ ಮೌನದಿಂದ ಗಣಿ ಅರಸನದೆಂದೂ ಅಲ್ಲವೆಂದೂ ಹೇಳಲು ಬಾರದು. ನನ್ನ ವಾದಕ್ಕೆ ಅರಸನ ಒಡೆತನ ಬೇಕಾಗಿಯೂ ಇಲ್ಲ. ಹಳ್ಳಿಯವರೇ ತೋಡಿದ್ದರೂ ಅಷ್ಟು ಆಳಕ್ಕೆ ಮರ ಇಳಿಸಬಲ್ಲ ಸಂಘಟನೆ ಅವರಲ್ಲಿತ್ತು ಎಂದಾಗುತ್ತದೆ, ಅದು ಅರಸನ ಹಿರಿಮೆಗಿಂತ ದೊಡ್ಡ ಸುದ್ದಿ. ಇದೇ ಸೀಮೆಯಲ್ಲಿ, ಬೇತಮಂಗಲದಲ್ಲಿ, ಬಾಣ ವಿಜಯಾದಿತ್ಯನ ಹೆಸರಿನಲ್ಲಿ ವಿಜಯಾದಿತ್ಯಮಂಗಲ ಎಂಬ ಊರಿತ್ತು. ಅಲ್ಲಿನ ಒಡೆದ ಕೆರೆಯನ್ನು 10ನೇ ಶತಮಾನದ ನಡುವೆ ನೊಳಂಬ ಅರಸ ಮತ್ತೆ ಕಟ್ಟಿಸಿದ. ಪಾಲಾರಿನ ನೀರಿಗೆ ಏರಿ ಕಟ್ಟಬಲ್ಲವರು, ಬಂಡೆಯೊಳಗೆ ಆಸರೆ ಕೊಡಬಲ್ಲವರು ಒಂದೇ ನೆಲದ ಜನ. ಅವರ ಮನೆಗಳು ಹೇಗಿದ್ದವು ಎಂದು ನಾವು ಕೇಳಿಕೊಂಡಿಲ್ಲ.

ಕೇಳಿಕೊಳ್ಳದ ಬೆಲೆಯನ್ನು ಕೆ.ಜಿ.ಎಫ್., ಅಂದರೆ ಕೋಲಾರದ ಚಿನ್ನದ ಗಣಿ, ಈಗಾಗಲೇ ತೆತ್ತಿದೆ. 1871ರ ಸುಮಾರಿಗೆ ಮೈಕೆಲ್ ಲ್ಯಾವೆಲ್ ಇಲ್ಲಿಗೆ ಬಂದದ್ದು ವಾರನ್ನನ ಹಳೆಯ ವರದಿ ಓದಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮೊದಲ ವರ್ಷಗಳ ದುಡ್ಡೆಲ್ಲ ನೀರಾಗಿ, ಮೈಸೂರು ಮೈನ್ ಮುಚ್ಚುವ ಹಂತಕ್ಕೆ ಬಂದಾಗ ಕ್ಯಾಪ್ಟನ್ ಪ್ಲಮ್ಮರ್ 1883ರಲ್ಲಿ ಹಳೆಯ ಗುಂಡಿಗಳ ಜಾಡು ಹಿಡಿದು ಇಳಿದ, ಹಳಬರು ನಿಲ್ಲಿಸಿದ ಕಡೆಯಿಂದ ಕೆಳಗೆ ಚಾಂಪಿಯನ್ ಲೋಡ್ ಎಂಬ ಚಿನ್ನದ ಅದಿರಿನ ಪಟ್ಟಿ ಸಿಕ್ಕಿತು. ಹಳೆಯ ಗುಂಡಿಗಳೇ ದಾರಿ ತೋರಿಸಿದವು. ಆ ದಾರಿಯಲ್ಲಿ ನಡೆದ ಕೆಲಸವೇ ಅವನ್ನು ಅಳಿಸಿತು. ಊರಿಗಾಂ, ನಂದಿದುರ್ಗ, ಬಾಲಾಘಾಟ್ ಗಣಿಗಳಲ್ಲೆಲ್ಲ ಇದೇ ಕಥೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳಕ್ಕೆ ಹೋಯಿತು, ಮೇಲಿನ ನೂರು ಮೀಟರಿನ ಹಳೆಯ ಲೋಕವನ್ನು ನಕ್ಷೆ ಮಾಡಿ, ಪದರ ಬಿಡಿಸಿ, ಮರವನ್ನೆಲ್ಲ ಕಾದಿಡುವ ವ್ಯವಧಾನ ಕಂಪನಿಗೆ ಎಲ್ಲಿಂದ ಬಂದೀತು? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ನೀರಿನಡಿಯ ಮರ ಬಾಳಿಕೆ ಬರುತ್ತದೆ ಎಂಬುದಷ್ಟೇ ಇದರಲ್ಲಿ ಸಮಾಧಾನ.

ಮಾಡಬಹುದಾದ ಕೆಲಸ ಮೇಲಿನ ನೆಲದಲ್ಲಿದೆ, ಅದಕ್ಕೆ ಆತುರವೂ ಇದೆ. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ಗುಡ್ಡಗಳ ಮಣ್ಣನ್ನು ಮತ್ತೆ ಸಂಸ್ಕರಿಸಿ ಉಳಿದ ಚಿನ್ನ ತೆಗೆಯುವ ಮಾತು ನಡೆಯುತ್ತಲೇ ಇದೆ. ಗುಡ್ಡ ಕರಗಿದರೆ ಅದರಡಿಯಲ್ಲಿ ನೂರು ವರ್ಷದಿಂದ ಯಾರೂ ಮುಟ್ಟದ ಹಳೆಯ ನೆಲ ತೆರೆದುಕೊಳ್ಳುತ್ತದೆ, ಮೊದಲ ಕಂಪನಿಗಳಿಗಿಂತ ಹಿಂದಿನ ಗುಂಡಿ, ಒರಳು, ಕುಟ್ಟಿದ ಕಲ್ಲಿನ ರಾಶಿ, ಗಣಿಯವರ ಹಟ್ಟಿಯ ಗುಳಿಗಳು ಅಲ್ಲಿ ಇರಬಹುದು. ಆದ್ದರಿಂದ ಯಂತ್ರ ನುಗ್ಗುವ ಮುನ್ನ ಪುರಾತತ್ವದವರು ಒಂದು ಋತು ಅಲ್ಲಿ ಕೆಲಸ ಮಾಡುವ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸಬೇಕು. ಕೋಲಾರ ಪೇಟೆಯಲ್ಲಿ ದೊಡ್ಡದಾಗಿ ಅಗೆಯಲು ಜಾಗವಿಲ್ಲ, ನಿಜ. ಅಂತರಗಂಗೆಯ ತಪ್ಪಲಿನಲ್ಲಿ, ಬೇತಮಂಗಲದ ಕೆರೆಯ ಹಿಂದಿನ ದಿಬ್ಬಗಳಲ್ಲಿ, ಆವನಿಯ ಬೆಟ್ಟದ ಬುಡದಲ್ಲಿ ಜಾಗವಿದೆ. ನಾಲ್ಕು ಅಡಿ ಅಗಲದ ಪರೀಕ್ಷಾ ಗುಂಡಿಯಲ್ಲಿ ಗುಳಿಗಳ ಸಾಲು ಕಾಣುವುದಿಲ್ಲ, ಅಗಲವಾಗಿ ತೆರೆಯಬೇಕು. ಮೊದಲು ಪರೀಕ್ಷಿಸಿದ ತುಂಡುಗಳಲ್ಲಿ ಒಂದು ಚಕ್ಕೆ ಉಳಿದಿದ್ದರೂ ಅದನ್ನು ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಹೊಸದಾಗಿ ಅಳೆಸಬಹುದು, ಅಂಥ ಪರೀಕ್ಷೆಗೆ ಈಗ ಕೆಲವೇ ಮಿಲಿಗ್ರಾಂ ಸಾಕು. ಅದು ಜಾಲಿಯೋ ಹೊನ್ನೆಯೋ ತೇಗವೋ ಎಂದು ಹೇಳಬಲ್ಲ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ. ಜಾಲಿಯಾದರೆ ಗಣಿಯ ಸುತ್ತಲೇ ಕಡಿದದ್ದು. ತೇಗವಾದರೆ ದೂರದಿಂದ ಬಂಡಿಯಲ್ಲಿ ಬಂದದ್ದು, ಆಗ ಆ ಬಂಡಿಗೆ ಬಾಡಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ರಾಜಕೀಯ ಚರಿತ್ರೆಯವರ ಮುಂದೆ ಇಡಬಹುದು.